ಆ 43 ಫೋಟೋದಾಗೂ ಅದೇ ಮಿಡತೆ ಇತ್ತು

(1/10)
ದೋಸ್ತರೇ, ಈ ಸಲದ ಸರಣಿ ಉದ್ದ ಅದ. ಒಟ್ಟು 10 ಭಾಗ. ಈಗ ಟೈಮ್ ಇಲ್ಲಂದ್ರ ಸೇವ್ ಮಾಡ್ಕೊಂಡು ಕಾಲೇಜಿಗೆ ಹೋಗೋ ಬಸ್ಸಿನ್ಯಾಗ ಓದ್ರಿ.

ಮೊದಲನೇ ಸ್ಲೈಡ್ ನೋಡ್ರಿ. ಈ ಹಾಲಕ್ಕಿ ಫೋಟೋ ನಿಮಗೆಲ್ಲ ಗೊತ್ತದ. ಹೋದ ವರ್ಷ ಹಾಕಿದ್ದೆ. ನನ್ನ ಪೇಜಿನ್ಯಾಗ ಅತಿ ಹೆಚ್ಚು ಲೈಕ್ ಬಂದದ್ದು ಇದಕ್ಕೇ. ಕಾಲೇಜಿನ ಫೋಟೋ ಸ್ಪರ್ಧೆಯಲ್ಲಿ ಎರಡನೇ ಬಹುಮಾನವೂ ಬಂತು. ಕ್ಯಾಪ್ಷನ್ ಏನು ಬರೆದಿದ್ದೆ ನೆನಪದ ಏನು? "ಕತ್ತಲ ರಾಣಿ, ಸಹಜ ಬೆಳಕಿನಲ್ಲಿ."

ಅದು ಸುಳ್ಳು. ಬೆಳಕು ಸಹಜ ಇರಲಿಲ್ಲ. ಫ್ಲಾಶ್ ಹೊಡೆದಿದ್ದೆ, ಒಂದಲ್ಲ, 43 ಸಲ. ಆಮೇಲೆ ಅದು ಗೊತ್ತಾಗದ ಹಾಗೆ ಎಡಿಟ್ ಮಾಡಿದೆ.

ಎರಡನೇ ಸ್ಲೈಡಿನಲ್ಲಿ ಮೂಲ ಫೋಟೋ ಅದ. ಎರಡೂ ಪಕ್ಕ ಪಕ್ಕ ಇಟ್ಟು ನೋಡ್ರಿ, ಆಮೇಲೆ ಬೈಯ್ರಿ. ಆದರೆ ನನ್ನನ್ನು ಬೈದು ಸುಮ್ಮನಾಗಬ್ಯಾಡ್ರಿ. ನಿಮ್ಮ ಗ್ಯಾಲರಿನೂ ಒಮ್ಮೆ ತೆಗೆದು ನೋಡ್ರಿ. ಈ ಸರಣಿ ಇರೋದು ಅದಕ್ಕೇ.

(2/10)
ಆವತ್ತು ಏನಾಯಿತು ಅಂತ ಹೇಳ್ತೀನಿ.

ಜನವರಿ ತಿಂಗಳು. ತೊಗರಿ ರಾಶಿ ಮುಗಿದಿತ್ತು. ಐನಾಪುರದ ಹೊರಗೆ ಒಂದು ಹಳೇ ಹುಣಸಿ ಗಿಡ ಅದ. ಯಾವ ಕಡೆ ಅಂತ ಈ ಸಲ ಹೇಳಲ್ಲ, ಕಾರಣ 9ನೇ ಭಾಗದಾಗ ಬರ್ತದ. ಆ ಗಿಡದ ಪೊಟರೆಯಲ್ಲಿ ಹಾಲಕ್ಕಿ ಜೋಡಿ ಮರಿ ಮಾಡಿತ್ತು. ನಾವು ಮೂರು ಮಂದಿ ಹೋದ್ವಿ. ಒಬ್ಬನ ಮಾವನ ಹತ್ತಿರ ಕೇಳಿ ತಂದ ಡಿಎಸ್‌ಎಲ್‌ಆರ್ ನನ್ನ ಕೈಯಾಗ. ಉಳಿದ ಇಬ್ಬರ ಕೈಯಾಗ ಮೊಬೈಲ್ ಟಾರ್ಚ್. ಕತ್ತಲಾಗ ಕ್ಯಾಮೆರಾಕ್ಕ ಫೋಕಸ್ ಸಿಗಲ್ಲಲ್ಲ, ಅದಕ್ಕ ಅವರು ಹಕ್ಕಿ ಮುಖಕ್ಕೇ ಬೆಳಕು ಹಿಡಿದು ನಿಂತಿದ್ದರು.

ಹಕ್ಕಿ ಗಿಡದಿಂದ ಕರೆಂಟ್ ಕಂಬಕ್ಕ ಹಾರಿತು, ಕಂಬದಿಂದ ಮತ್ತ ಗಿಡಕ್ಕ ಬಂತು. ತಲೆ ಮ್ಯಾಲ ಕೆಳಗ ಆಡಿಸಿತು. ನಾವು ನಕ್ಕೆವು. "ಪೋಸ್ ಕೊಡ್ಲಕತ್ತದ ನೋಡೋ" ಅಂದ ಒಬ್ಬ. ಪೊಟರೆಯೊಳಗಿನಿಂದ ಮರಿಗಳ ಸಣ್ಣ ದನಿ ಕೇಳ್ತಿತ್ತು. ಅದೂ ನಮಗ ಚಂದ ಅನಿಸಿತು, ರೀಲ್ಸಿಗೆ ಆಡಿಯೋ ಆಗ್ತದಂತ ರೆಕಾರ್ಡ್ ಮಾಡಿಕೊಂಡ್ವಿ.

ಮೊದಲ ಫೋಟೋ 7:12ಕ್ಕ. ಕೊನೇದು 7:51ಕ್ಕ. ಟೈಮ್ ಫೈಲಿನಲ್ಲೇ ಬರೆದಿರ್ತದ.

(3/10)
ಎಡಿಟ್ ಮಾಡ್ಲಿಕ್ಕೆ ಕೂತಾಗ ಕಂಡಿದ್ದು ಇದು.

ನಾಯ್ಸ್ ಎಷ್ಟದ ನೋಡೋಣ ಅಂತ ಪೂರ್ತಿ ಝೂಮ್ ಮಾಡಿದೆ. ಹಕ್ಕಿ ಕೊಕ್ಕಿನಲ್ಲಿ ಒಂದು ಮಿಡತೆ. ಒಂದು ಹಿಂಗಾಲು ಮುರಿದದ್ದು. ಮುಂದಿನ ಫೋಟೋ ತೆಗೆದೆ, ಅದೇ ಮಿಡತೆ. ಅದರ ಮುಂದಿನದು, ಅದೇ. 43ನೇ ಫೋಟೋದಾಗೂ ಅದೇ ಕಾಲು ಮುರಿದ ಮಿಡತೆ.

ಅರ್ಥ ಆಯ್ತಲ್ಲ? ಅದು ಪೋಸ್ ಕೊಡ್ತಿರಲಿಲ್ಲ. ಮರಿಗೆ ತಿನ್ನಿಸಲು ಬಂದಿತ್ತು. ನಾವು ಪೊಟರೆ ಮುಂದ ಬೆಳಕು ಹಿಡಿದು ನಿಂತಿದ್ದಕ್ಕ ಒಳಗೆ ಹೋಗಲು ಆಗದೆ 39 ನಿಮಿಷ ಅದನ್ನ ಬಾಯಾಗ ಹಿಡಿದುಕೊಂಡೇ ಕೂತಿತ್ತು. ನಾವು ಚಂದ ಅಂತ ರೆಕಾರ್ಡ್ ಮಾಡಿಕೊಂಡ ದನಿ ಹಸಿದ ಮರಿಗಳದ್ದು.

ಆಗ ನಾ ಏನ್ ಮಾಡಬೇಕಿತ್ತು? ಫೋಟೋ ಅಳಿಸಬೇಕಿತ್ತು. ನಾ ಏನ್ ಮಾಡಿದೆ? ಮಿಡತೆ ಕಾಲು ಕೊಕ್ಕಿನ ಹತ್ತಿರ ಗಲೀಜಾಗಿ ಕಾಣ್ತದಂತ ಹೀಲ್ ಟೂಲ್ ತಗೊಂಡು ಮಿಡತೆನೇ ಅಳಿಸಿದೆ. ಫ್ಲಾಶಿಗೆ ಕೆಂಪಗಾಗಿದ್ದ ಕಣ್ಣನ್ನು ಕಪ್ಪು ಮಾಡಿದೆ. ಸುತ್ತಲಿನ ಹಳದಿಯನ್ನು ಇನ್ನಷ್ಟು ಹಳದಿ ಮಾಡಿದೆ. ಹಿಂದಿನ ಕಪ್ಪು ಆಕಾಶಕ್ಕ ನೀಲಿ ಬಣ್ಣ ಹಾಕಿದೆ. "ಸಹಜ ಬೆಳಕು" ತಯಾರು.

(4/10)
ನಮ್ಮ ಮುತ್ಯಾಗ ಹೆಮ್ಮೆಯಿಂದ ಆ ಫೋಟೋ ತೋರಿಸಿದೆ. ಹೆಂಗ ತೆಗೆದೆಪ್ಪಾ ಅಂತ ಕೇಳಿದ. ಹೇಳಿದೆ. ಮುತ್ಯಾ ಫೋನ್ ತಿರುಗಿ ಕೊಟ್ಟು ಅಂದ: "ನಾವು ಹುಡುಗರಿದ್ದಾಗ ಮೊಲಕ್ಕ ಹಿಂಗೇ ಬ್ಯಾಟರಿ ಬಿಡ್ತಿದ್ವಿ. ಕಣ್ಣಿಗೆ ಬೆಳಕು ಬಿತ್ತಂದ್ರ ಓಡಲ್ಲ, ನಿಂತ್ಬಿಡ್ತದ. ಆಮ್ಯಾಲ ಬಡಿಗಿ. ನೀವು ಬಡಿಗಿ ಒಂದು ಒಯ್ದಿಲ್ಲ ಅಷ್ಟೇ."

ಹಳೇ ಮನುಷ್ಯ ಏನೋ ಅಂತಾನ ಅನಕೊಂಡೆ. ಆಮೇಲೆ ಓದಿದರೆ ಮುತ್ಯಾ ಹೇಳಿದ್ದು ಫೋಟೋಗ್ರಫಿಯ ಚರಿತ್ರೆಯೇ. ಅಮೆರಿಕದ ಜಾರ್ಜ್ ಶಿರಾಸ್ ಎಂಬುವರು ರಾತ್ರಿ ದೋಣಿಯಲ್ಲಿ ದೀಪ ಇಟ್ಟು ಜಿಂಕೆಯ ಕಣ್ಣಿಗೆ ಬೆಳಕು ಬಿಟ್ಟು ಫ್ಲಾಶ್ ಹೊಡೆದು ತೆಗೆದ ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ಆ ದೀಪದ ಉಪಾಯ ಅವರು ಕಲಿತದ್ದು ಬೇಟೆಗಾರರಿಂದ. ಅವರೂ ಮೊದಲು ಬೇಟೆಗಾರರೇ. ನಮ್ಮ ದೇಶದಲ್ಲಿ ಎಫ್.ಡಬ್ಲ್ಯೂ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹುಲಿ ಓಡಾಡುವ ದಾರಿಗೆ ತಂತಿ ಕಟ್ಟಿ, ಹುಲಿ ಕಾಲಿಗೆ ತಾಗಿದರೆ ಫ್ಲಾಶ್ ಹೊತ್ತುವ ಹಾಗೆ ಮಾಡಿ ತೆಗೆದ ಚಿತ್ರಗಳ ಪುಸ್ತಕ 1927ರಲ್ಲಿ ಬಂತು.

ಅವರ ಕಾಲಕ್ಕ ಅದು ಒಂದು ಹೆಜ್ಜೆ ಮುಂದೆ. ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದರು. ಕಡಿಮೆ ಬೆಳಕಿನಲ್ಲಿ ಚಿತ್ರ ಹಿಡಿಯುವ ಬೇರೆ ದಾರಿ ಆಗ ಅವರಿಗೆ ಇರಲಿಲ್ಲ. ನಮ್ಮ ಕೈಯಲ್ಲಿ ಬಂದೂಕೂ ಇರಲಿಲ್ಲ, ಬೇರೆ ದಾರಿಯೂ ಅದ. ನಾವು ಯಾವ ಲೆಕ್ಕದಾಗ ಅವರ ಉಪಾಯ ಹಿಡಿದು ನಿಂತೀವಿ?

ಇನ್ನೊಂದು. ಬಿಸಿನೆಸ್ ಲಾ ಪೇಪರಿನಲ್ಲಿ ಮೇಷ್ಟ್ರು ಹೇಳ್ತಿರ್ತಾರ, ಯಾವುದೇ ಕಾಯ್ದೆ ಓದಿದರೂ ಮೊದಲು ವ್ಯಾಖ್ಯೆ ಓದ್ರಿ ಅಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(16) ತೆಗೀರಿ. "ಬೇಟೆ" ಅನ್ನೋದರ ವ್ಯಾಖ್ಯೆಯಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರ ಇಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರೊಳಗೇ ಬರ್ತದ. ಮುತ್ಯಾ ಹೇಳಿದ್ದೂ, ಕಾಯ್ದೆ ಹೇಳೋದೂ ಒಂದೇ.

(5/10)
"ಒಂದು ಫ್ಲಾಶಿನಿಂದ ಏನಾಗ್ತದಪ್ಪ?" ಹೆಚ್ಚು ಬರುವ ಕಾಮೆಂಟ್ ಇದು.

ಸೇಡಂ ರೋಡಿನ್ಯಾಗ ರಾತ್ರಿ ಬೈಕ್ ಓಡಿಸಿರೇನು? ಎದುರಿಗೆ ಸಿಮೆಂಟ್ ಲಾರಿ ಹೈ ಬೀಮ್ ಹಾಕಿಕೊಂಡು ಬಂತಂದ್ರ ಲಾರಿ ದಾಟಿ ಹೋದ ಮ್ಯಾಲೂ ಸ್ವಲ್ಪ ಹೊತ್ತು ರಸ್ತೆ ಕಾಣಲ್ಲ. ಬೈಕ್ ನಿಧಾನ ಮಾಡಿ ಅಂಚಿಗೆ ಹೋಗ್ತೀರಿ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಮ್ಮದು ಹಗಲಿಗಾಗಿ ಇರುವ ಕಣ್ಣು. ಕತ್ತಲಲ್ಲೇ ದುಡಿದು ತಿನ್ನೋ ಜೀವದ ಕಣ್ಣಿಗೆ ಎದುರಿನಿಂದ ಬೆಳಕು ಬಿದ್ದರೆ ಏನಾಗ್ತದಂತ ನೀವೇ ಯೋಚನೆ ಮಾಡ್ರಿ. ಅದಕ್ಕ ನಿಧಾನ ಮಾಡಿಕೊಳ್ಳಲು ಬ್ರೇಕ್ ಇಲ್ಲ, ಮುಂದ ಕೊಂಬೆ ಅದ, ತಂತಿ ಅದ.

ಕಣ್ಣು ಕೆಂಪಗೆ ಕಾಣುವುದು ಯಾಕೆ ಗೊತ್ತೇನು? ಕತ್ತಲಿಗಾಗಿ ಪಾಪೆ ಪೂರ್ತಿ ತೆರೆದಿರ್ತದ. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲಾಶಿನ ಬೆಳಕು ನೇರ ಒಳಗೆ ಹೋಗಿ, ಕಣ್ಣಿನ ಹಿಂಭಾಗಕ್ಕೆ ತಾಗಿ, ತಿರುಗಿ ಲೆನ್ಸಿಗೇ ಬರ್ತದ. ಆ ಕೆಂಪು ಅಂದ್ರ ನಿಮ್ಮ ಬೆಳಕು ಎಲ್ಲಿತನಕ ಹೋಗಿ ಮುಟ್ಟಿ ಬಂತು ಅನ್ನೋದರ ರಸೀದಿ. ಎಡಿಟಿಂಗಿನಲ್ಲಿ ನಾವು ಮೊದಲು ಹರಿದು ಹಾಕೋದು ಆ ರಸೀದಿಯನ್ನೇ.

ಇನ್ನು ದೂರದ ಲೆಕ್ಕ. ಬೆಳಕಿನ ಮೂಲದಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ ಆಗ್ತದ. 2 ಮೀಟರಿಗೆ ಸಿಗುವ ಬೆಳಕಿನಲ್ಲಿ 8 ಮೀಟರಿಗೆ ಉಳಿಯೋದು 16ನೇ ಒಂದು ಭಾಗ. ಮೊಬೈಲಿನಲ್ಲಿ ಫ್ಲಾಶ್ ಅಂತ ಇರೋದು ಸಣ್ಣ ಎಲ್‌ಇಡಿ. ದೂರದ ಕೊಂಬೆಯ ಮ್ಯಾಲಿನ ಹಕ್ಕಿಗೆ ಅದು ಸಾಲಲ್ಲ. ಸಾಲಲ್ಲಂತ ನಾವು ಹತ್ತಿರ ಹೋಗ್ತೀವಿ. ಗಿಡ ಹತ್ತುತೀವಿ. ಗೂಡಿನ ಬಾಯಿಗೇ ಫೋನ್ ಹಿಡೀತೀವಿ. ಫ್ಲಾಶ್ ಮಾಡುವ ದೊಡ್ಡ ಹಾನಿ ಇದು: ಎಲ್ಲಿ ಹೋಗಬಾರದೋ ಅಲ್ಲಿಗೆ ನಮ್ಮನ್ನ ಎಳಕೊಂಡು ಹೋಗ್ತದ.

ಮತ್ತ ಖರೇ ಹೇಳ್ಬೇಕಂದ್ರ ಟಾರ್ಚ್ ಇನ್ನೂ ಕೆಟ್ಟದ್ದು. ಕ್ಯಾಮೆರಾ ಫ್ಲಾಶ್ ಕ್ಷಣದ ಸಣ್ಣ ತುಣುಕಿನಲ್ಲಿ ಮುಗೀತದ. ಫೋಕಸ್ ಸಿಗಲಿ ಅಂತ ಹಿಡಿದ ಟಾರ್ಚ್ ನಿಮಿಷಗಟ್ಟಲೆ ಉರೀತದ.

(6/10)
"ಫ್ಲಾಶಿನಿಂದ ಕಣ್ಣು ಹೋಗ್ತದ ಅಂತ ರಿಸರ್ಚ್ ಎಲ್ಲದ?"

ಒಳ್ಳೇ ಪ್ರಶ್ನೆ. "ಫ್ಲಾಶ್ ಬಿದ್ದರೆ ಹಕ್ಕಿ ಕುರುಡಾಗ್ತದ" ಅಂತ ನಾ ಹೇಳ್ತಿಲ್ಲ. ಹೇಳಿದರೆ ಅದೂ ಒಂದು ಫಾರ್ವರ್ಡ್ ಮೆಸೇಜ್ ಆಗ್ತದ. ಸಮುದ್ರಕುದುರೆ ಮತ್ತಿತರ ಮೀನುಗಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟ ಆಯ್ತು. ಫ್ಲಾಶಿನಿಂದ ಅವುಗಳ ಕಣ್ಣಿಗೆ ಹಾನಿ ಕಾಣಲಿಲ್ಲ. ಆದರೆ ಫೋಟೋಗಾಗಿ ಅವನ್ನ ಮುಟ್ಟಿ, ಸರಿಸಿ, ಬೇಕಾದ ಹಾಗೆ ಕೂಡಿಸಿದಾಗ ಅವು ಭಾಳ ತೊಂದರೆ ಪಟ್ಟವು. ಅದನ್ನ ಓದಿ "ಫ್ಲಾಶ್ ಪಾಸ್ ಆಯ್ತು" ಅಂತ ಕುಣೀಬ್ಯಾಡ್ರಿ. ಮೀನು ಬೇರೆ, ಗೂಬೆ ಬೇರೆ. ಅದರಿಂದ ನಾ ಕಲಿತದ್ದು ಇಷ್ಟು: ಲೈಟೊಂದನ್ನೇ ನೋಡಬಾರದು, ಆ ಲೈಟ್ ಹಿಡಿದ ಮನುಷ್ಯ ಏನೇನು ಮಾಡ್ತಾನ ಅದನ್ನೂ ನೋಡಬೇಕು. ನಮ್ಮ ಹಾಲಕ್ಕಿಯ ಕಣ್ಣಿಗೆ ಏನಾಯಿತೋ ಅದು ವಾದದ ವಿಷಯ. 39 ನಿಮಿಷ ಮರಿ ಉಪವಾಸ ಇದ್ದದ್ದಕ್ಕೆ ನನ್ನ ಹತ್ತಿರ 43 ಸಾಕ್ಷಿ ಅವ.

"ಹಂಗಾದ್ರ ಹುಲಿ ಗಣತಿಯಲ್ಲೂ ಫ್ಲಾಶ್ ಇರ್ತದಲ್ಲ?" ಇರ್ತದ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತ ಅವರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕುವ ವಿಧಾನ ಬೆಳೆಸಿದರು. ಅದಕ್ಕ ಅನುಮತಿ ಇರ್ತದ, ಉದ್ದೇಶ ಇರ್ತದ. ಹುಲಿ ತಾನಾಗಿ ನಡಕೊಂಡು ಹೋಗುವಾಗ ಒಂದು ಚಿತ್ರ, ಮುಗೀತು. ಕ್ಯಾಮೆರಾ ಹುಲಿಯ ಬೆನ್ನು ಹತ್ತಿ ಹೋಗಲ್ಲ, ಗುಹೆ ಬಾಯಿಗೆ ಬಂದು ನಿಲ್ಲಲ್ಲ. ನಮ್ಮ ಉದ್ದೇಶ ಏನಿತ್ತು? ನನಗ ಬಹುಮಾನ, ನಿಮಗ ಡಬಲ್ ಟ್ಯಾಪ್.

(7/10)
"ಅಣ್ಣಾ, ಸೇಡಂ, ವಾಡಿ, ಶಹಾಬಾದ್ ತುಂಬಾ ಸಿಮೆಂಟ್ ಫ್ಯಾಕ್ಟರಿ ಲೈಟ್ ರಾತ್ರಿ ಎಲ್ಲ ಉರೀತಾವ. ಕಲ್ಲಿನ ಗಣಿ ಅವ, ಲಾರಿ ಅವ. ಅವರನ್ನ ಬಿಟ್ಟು ಮೊಬೈಲ್ ಹಿಡಿದ ಹುಡುಗರ ಮ್ಯಾಲ ಯಾಕ?"

ಡಿಎಂನಲ್ಲಿ ಒಬ್ಬ ಜೂನಿಯರ್ ಕೇಳಿದ್ದು. ಈ ಪ್ರಶ್ನೆ ನನಗ ಖರೇನೇ ಚುಚ್ಚಿತು, ಯಾಕಂದ್ರ ಅವನು ಹೇಳೋದು ಸುಳ್ಳಲ್ಲ. ದೊಡ್ಡ ಬೆಳಕಿನ ಬಗ್ಗೆ ಯಾರೂ ಮಾತಾಡಲ್ಲ. ಮಾತಾಡಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರಕ್ಕೆ ನಿರ್ಬಂಧ ಅದ. ಅಂದ್ರ ಪ್ರಾಣಿಗಾಗಿ ರಸ್ತೆಯನ್ನೂ ತಡೀಬಹುದು. ಅದು ಆಗದ ಮಾತಲ್ಲ.

ಆದರೆ ಎರಡು ಮಾತು. ಫ್ಯಾಕ್ಟರಿ ಲೈಟ್ ಎಲ್ಲಿ ಉರೀತದಂತ ಹಕ್ಕಿಗೆ ಗೊತ್ತಿರ್ತದ, ಅಲ್ಲಿಂದ ದೂರ ಗೂಡು ಮಾಡ್ತದ. ದೂರ ಬಂದು ಮಾಡಿದ ಗೂಡಿನ ಬಾಗಿಲಿಗೇ ಲೈಟ್ ಒಯ್ದವರು ನಾವು. ಎರಡನೇದು, ಫ್ಯಾಕ್ಟರಿಯ ಸ್ವಿಚ್ ನನ್ನ ಕೈಯಾಗಿಲ್ಲ. ಫ್ಲಾಶಿನ ಸ್ವಿಚ್ ನನ್ನ ಹೆಬ್ಬೆರಳಿನ ಕೆಳಗದ. ದೊಡ್ಡವರ ತಪ್ಪು ತೋರಿಸಿ ನಮ್ಮ ತಪ್ಪಿಗೆ ರಿಯಾಯಿತಿ ಕೇಳೋದು ಬ್ಯಾಡ.

(8/10)
ಈಗ ಎಡಿಟಿಂಗ್. ಇಲ್ಲಿ ಭಾಳ ಮಂದಿಗೆ ಸಿಟ್ಟು ಬರ್ತದ, ಬರಲಿ.

ಕಾಮರ್ಸ್ ಓದೋರಿಗೆ ವಿಂಡೋ ಡ್ರೆಸ್ಸಿಂಗ್ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಕಂಪನಿ ಸ್ಥಿತಿ ಇದ್ದದ್ದಕ್ಕಿಂತ ಚಂದ ಕಾಣಲಿ ಅಂತ ಲೆಕ್ಕಪತ್ರವನ್ನು ಸಿಂಗರಿಸೋದು. ಪರೀಕ್ಷೆಯಲ್ಲಿ ಅದು ತಪ್ಪು ಅಂತ ಬರೆದು ಮಾರ್ಕ್ಸ್ ತಗೋತೀವಿ. ಫೋಟೋದಾಗ ಅದನ್ನೇ ಮಾಡಿ ಲೈಕ್ ತಗೋತೀವಿ.

ಎಡಿಟಿಂಗೇ ತಪ್ಪು ಅಂತ ನಾ ಹೇಳ್ತಿಲ್ಲ. ಕಡಿಮೆ ಬೆಳಕಿನ ಫೋಟೋಕ್ಕ ಎಡಿಟಿಂಗ್ ಬೇಕೇ ಬೇಕು. ಕ್ರಾಪ್ ಮಾಡ್ರಿ, ಎಕ್ಸ್‌ಪೋಷರ್ ಏರಿಸ್ರಿ, ವೈಟ್ ಬ್ಯಾಲೆನ್ಸ್ ಸರಿ ಮಾಡ್ರಿ, ಕಾಂಟ್ರಾಸ್ಟ್ ಕೊಡ್ರಿ, ನಾಯ್ಸ್ ತಗ್ಗಿಸ್ರಿ. ಇದೆಲ್ಲ ಅಲ್ಲಿ ಇದ್ದದ್ದನ್ನ ಸರಿಯಾಗಿ ಕಾಣುವ ಹಾಗೆ ಮಾಡೋದು. ಇಲ್ಲದ ಚಂದ್ರನನ್ನ ತಂದು ಕೂಡಿಸೋದು, ಕಟ್ಟಿದ ದಾರ ಅಳಿಸೋದು, ಎಐ ಕೈಯಿಂದ ಇಲ್ಲದ ಗರಿ ಬರೆಸೋದು, ಕೊಕ್ಕಿನ ಮಿಡತೆ ತೆಗೆಯೋದು, ಇದು ಬೇರೆ. ನೋಡಿದವರು ನಂಬುವ ಸಂಗತಿ ಬದಲಾದರೆ ಅದಕ್ಕ ಎಡಿಟ್ ಅನ್ನಲ್ಲ, ಸುಳ್ಳು ಅಂತಾರ.

ಇದು ಬರೀ ನಮ್ಮ ಕಾಲೇಜಿನ ಕತೆಯಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಒಂದು ರಾತ್ರಿ ಚಿತ್ರ ಇತ್ತು. ಬ್ರೆಜಿಲ್ಲಿನ ಹುತ್ತ, ಹುತ್ತದ ತುಂಬ ಹೊಳೆಯುವ ಹುಳು, ಪಕ್ಕದಲ್ಲಿ ಇರುವೆಬಾಕ. 2018ರಲ್ಲಿ ಆ ಪ್ರಶಸ್ತಿ ರದ್ದಾಯಿತು. ಚಿತ್ರದಲ್ಲಿದ್ದದ್ದು ಅಲ್ಲಿನ ಉದ್ಯಾನದ ಕೇಂದ್ರದಲ್ಲಿ ಇಟ್ಟಿದ್ದ ಹುಲ್ಲು ತುಂಬಿದ ಇರುವೆಬಾಕಕ್ಕೆ ಪೂರ್ತಿ ಹೊಂದ್ತದ ಅಂತ ತಜ್ಞರು ಹೇಳಿದರು. ಜಗತ್ತಿನ ದೊಡ್ಡ ಸ್ಪರ್ಧೆಯೇ ಮೋಸ ಹೋಗ್ತದಂದ್ರ ನಮ್ಮ ಸ್ಪರ್ಧೆಗಳು ಹೆಂಗ ತಡೀತಾವ?

ತಡೀಲಿಕ್ಕೆ ದಾರಿ ಅದ. ವೋಚರ್ ಇಲ್ಲದೆ ಯಾವ ಆಡಿಟರ್ ಎಂಟ್ರಿ ಪಾಸ್ ಮಾಡಲ್ಲ. ಫೋಟೋದ ವೋಚರ್ ಅಂದ್ರ ರಾ ಫೈಲ್. ಫ್ಲಾಶ್ ಹೊತ್ತಿತ್ತೋ ಇಲ್ಲವೋ, ಎಷ್ಟು ಗಂಟೆಗೆ, ಎಲ್ಲ ಕ್ಯಾಮೆರಾನೇ ಬರೆದಿಟ್ಟಿರ್ತದ. ಅದನ್ನ ಕೇಳ್ರಿ. ನನ್ನ ಫೋಟೋಕ್ಕೆ ಆವತ್ತು ಯಾರಾದರೂ ಕೇಳಿದ್ದರೆ ಬಹುಮಾನ ಬರ್ತಿರಲಿಲ್ಲ.

(9/10)
ಲೊಕೇಶನ್ ಟ್ಯಾಗ್. ಇಲ್ಲಿ ನನ್ನ ತಪ್ಪು ಎಲ್ಲಕ್ಕಿಂತ ದೊಡ್ಡದು.

ನಾ ಊರು, ಗಿಡ, ದಾರಿ ಎಲ್ಲ ಹಾಕಿದ್ದೆ. ಮುಂದಿನ ಭಾನುವಾರ ಎರಡು ಬೈಕಿನ್ಯಾಗ ಹುಡುಗರು ಬಂದರು. ಆಮೇಲೆ ಇನ್ನಷ್ಟು ಮಂದಿ ಬಂದರು. ಎಲ್ಲರ ಕೈಯಾಗ ಟಾರ್ಚ್. ಎರಡು ವಾರ ಬಿಟ್ಟು ನಾ ಹೋದಾಗ ಪೊಟರೆಯಲ್ಲಿ ದನಿ ಇರಲಿಲ್ಲ. ಮರಿ ಹಾರಿ ಹೋದವೋ, ಸತ್ತವೋ, ಯಾರಾದರೂ ಒಯ್ದರೋ, ಹೇಳೋರು ಯಾರೂ ಇಲ್ಲ. ಹಾರಿ ಹೋಗಿರಲಿ ಅಂತ ಬೇಡಿಕೊಳ್ಳೋದಷ್ಟೇ ನನ್ನ ಪಾಲಿಗೆ ಉಳಿದದ್ದು.

ಯಾರು ಒಯ್ತಾರೋ ಅಂತ ಕೇಳಬ್ಯಾಡ್ರಿ. 2018ರ ತೆಲಂಗಾಣ ವಿಧಾನಸಭಾ ಚುನಾವಣೆ ಹೊತ್ತಿನಲ್ಲಿ ನಮ್ಮ ಸೇಡಂ ತಾಲ್ಲೂಕಿನಲ್ಲೇ ಗೂಬೆ ಸಾಗಿಸುತ್ತಿದ್ದವರನ್ನು ಪೊಲೀಸರು ಹಿಡಿದಿದ್ದರು. ಎದುರಾಳಿಗೆ ಕೇಡಾಗಲಿ ಅಂತ ಮಾಟಕ್ಕಾಗಿ ಗಡಿಯಾಚೆ ಒಯ್ಯಲು ಅಂತ ಆಗ ಪತ್ರಿಕೆಯಲ್ಲಿ ಬಂದಿತ್ತು. ನಮ್ಮಲ್ಲಿ ಗೂಬೆ ಅಂದ್ರ ಒಬ್ಬರಿಗೆ ಅಪಶಕುನ, ಇನ್ನೊಬ್ಬರಿಗೆ ಮಾಟದ ಸಾಮಾನು. ಹೊಲದ ಇಲಿ ತಿಂದು ನಮ್ಮ ಕಾಳು ಉಳಿಸೋದು ಮಾತ್ರ ಯಾರಿಗೂ ಕಾಣಲ್ಲ. ಇಂಥಾ ಕಡೆ ಗೂಡಿನ ವಿಳಾಸ ಬರೆದು ಊರಿಗೆಲ್ಲ ಹಂಚಿದವನು ನಾನು.

ಅದಕ್ಕ ಈಗ ಎರಡನೇ ಸ್ಲೈಡಿನಲ್ಲಿ ಗಿಡ ಕಾಣದ ಹಾಗೆ ಕ್ರಾಪ್ ಮಾಡೀನಿ, ಫೈಲಿನ ಲೊಕೇಶನ್ ತೆಗೆದೀನಿ. ಇಷ್ಟು ಎಡಿಟ್ ಮಾಡೀನಿ ಅಂತ ಬಾಯಿ ಬಿಟ್ಟು ಹೇಳ್ತಿದ್ದೀನಿ.

(10/10)
"ಹಂಗಾದ್ರ ರಾತ್ರಿ ಫೋಟೋನೇ ತೆಗೀಬಾರದೇನು?" ತೆಗೀರಿ. ಹಿಂಗ ತೆಗೀರಿ:

ಸೂರ್ಯ ಮುಳುಗಿದ ಮ್ಯಾಲಿನ 20 ನಿಮಿಷ ಬಿಡಬ್ಯಾಡ್ರಿ. ಆಕಾಶಕ್ಕ ಎಕ್ಸ್‌ಪೋಷರ್ ಇಟ್ಟು ಹಕ್ಕಿಯನ್ನ ಕಪ್ಪು ಆಕಾರವಾಗಿ ಹಿಡೀರಿ.

ಹಾಲಕ್ಕಿ ಬೀದಿ ದೀಪದ ಕೆಳಗ ಹುಳ ಹಿಡೀಲಿಕ್ಕೆ ತಾನೇ ಬರ್ತದ. ಮೊದಲೇ ಅಲ್ಲಿರುವ ಬೆಳಕಿನಲ್ಲಿ, ದೂರ ಕೂತು, ಕ್ಯಾಮೆರಾ ಗೋಡೆ ಮ್ಯಾಲ ಊರಿ ತೆಗೀರಿ.

ಕಿಟ್ ಲೆನ್ಸಿನ ಎಫ್ 5.6 ಬಿಟ್ಟು ಎಫ್ 1.8 ಇರುವ 50 ಎಂಎಂ ಹಾಕಿದರೆ ಸುಮಾರು 10 ಪಟ್ಟು ಬೆಳಕು ಸಿಗ್ತದ. ಹಕ್ಕಿ ಸಣ್ಣದಾಗಿ ಕಾಣ್ತದ. ಕಾಣಲಿ. ಅದರ ಸುತ್ತಲಿನ ಊರೂ ಚಿತ್ರದಾಗ ಬರ್ತದ.

ಐಎಸ್‌ಒ 3200 ಅಂದ್ರ ಅಂಜಬ್ಯಾಡ್ರಿ. ಹಕ್ಕಿ ಅಲುಗಾಡದೆ ಕೂತಿದ್ದರೆ ಒಂದೇ ಸಮನೆ 16 ಫೋಟೋ ತೆಗೆದು ಒಂದರ ಮ್ಯಾಲೊಂದು ಇಟ್ಟು ಸರಾಸರಿ ಮಾಡ್ರಿ. ನಾಯ್ಸ್ ಸುಮಾರು ನಾಲ್ಕನೇ ಒಂದು ಭಾಗಕ್ಕ ಇಳೀತದ. ಉಳಿದ ಕಾಳು ಕಾಳು ಹಂಗೇ ಇರಲಿ. ಕತ್ತಲಾಗ ತೆಗೆದದ್ದು ಕತ್ತಲ ಹಾಗೇ ಕಂಡರೆ ತಪ್ಪೇನು?

ಸಂಡೂರಿನ ಎಂ.ವೈ. ಘೋರ್ಪಡೆ ಅವರ ಚಿತ್ರ ಹುಡುಕಿ ನೋಡ್ರಿ. ನಮ್ಮ ಕಲ್ಯಾಣ ಕರ್ನಾಟಕದವರೇ. 1970ರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿ ಆಗಿದ್ದವರು, ನಮ್ಮ ಸಬ್ಜೆಕ್ಟಿನವರು ಅನ್ರಿ. ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳ ಚಿತ್ರ ತೆಗೆದರು. ಅವರ ಪುಸ್ತಕದ ಹೆಸರೇ "ಸನ್‌ಲೈಟ್ ಅಂಡ್ ಶ್ಯಾಡೋಸ್". ಬಿಸಿಲಿನಷ್ಟೇ ನೆರಳಿಗೂ ಅದರಾಗ ಜಾಗ ಅದ.

ಈಗ ನೇರ ಮಾತು. ನಮ್ಮ ಕ್ಲಾಸಿನ ಗ್ರೂಪಿನ್ಯಾಗ ಈ ಶನಿವಾರ ಚಂದ್ರಂಪಳ್ಳಿ ಪ್ಲಾನ್ ನಡೆದದ. "ಕತ್ತಲಾದ ಮ್ಯಾಲ ಕಿರುಬ, ಗೂಬೆ ಫೋಟೋ ಹೊಡ್ಯೋಣ" ಅಂತ ಮೆಸೇಜ್ ನೋಡಿದೆ. ಅದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮ. 134 ಚದರ ಕಿಲೋಮೀಟರ್ ದಾಟಿದ ಕಾಡು, ನಮ್ಮ ಬಿಸಿಲು ನಾಡಿನಾಗ ಇರೋದೇ ಅಷ್ಟು. ಅನುಮತಿ ಇಲ್ಲದೆ ಕತ್ತಲಾದ ಮ್ಯಾಲ ಒಳಗ ಇರಬ್ಯಾಡ್ರಿ. ಧಾಮದೊಳಗ ಫೋಟೋಗ್ರಫಿಗೆ ಅನುಮತಿ ಅಂತ ಕಾಯ್ದೆಯ ಸೆಕ್ಷನ್ 28ರಾಗೇ ಅದ, ಪ್ರಾಣಿಯನ್ನ ಕಾಡಿಸಬಾರದು ಅಂತ ಸೆಕ್ಷನ್ 27ರಾಗ ಅದ. ಹಗಲು ಹೋಗ್ರಿ, ಸಂಜಿ ಬೆಳಕು ಇರೋತನಕ ಕೂಡ್ರಿ, ಹೊರಗ ಬರ್ರಿ. ಟಾರ್ಚ್ ಬೇಕಾದರೆ ನಿಮ್ಮ ಕಾಲು ಇಡೋ ಜಾಗಕ್ಕ ಹಿಡೀರಿ.

ಕಾಲೇಜಿನ ಸ್ಪರ್ಧೆ ನಡೆಸುವವರಿಗೂ ಒಂದು ಕೋರಿಕೆ ಬರೆದು ಕೊಟ್ಟೀನಿ. ಮೂರೇ ಸಾಲು: ರಾ ಫೈಲ್ ಕೇಳ್ರಿ, ಗೂಡಿನ ಚಿತ್ರ ತಗೋಬ್ಯಾಡ್ರಿ, ರಾತ್ರಿ ಪ್ರಾಣಿಗೆ ಫ್ಲಾಶ್ ಹೊಡೆದ ಚಿತ್ರ ತಗೋಬ್ಯಾಡ್ರಿ. ಅದರ ಜೊತೆ ನನ್ನ ಸರ್ಟಿಫಿಕೇಟೂ ತಿರುಗಿ ಕೊಟ್ಟೀನಿ. ಕೆಳಗ ನಿಮ್ಮ ಹೆಸರು ಬರೀಬೇಕಂದ್ರ ಸೋಮವಾರ ಲೈಬ್ರರಿ ಮುಂದ ಬರ್ರಿ, ಪೇಪರ್ ನನ್ನ ಹತ್ತಿರ ಇರ್ತದ.

ಮೊದಲನೇ ಸ್ಲೈಡಿನ ಫೋಟೋ ಹಳೇ ಪೋಸ್ಟಿನಿಂದ ಇವತ್ತು ರಾತ್ರಿ ತೆಗೀತೀನಿ. ಆ ಲೈಕು ನನ್ನವಲ್ಲ.

#ಐನಾಪುರ #ಚಿಂಚೋಳಿ #ಹಾಲಕ್ಕಿ #ಫ್ಲಾಶ್_ಬ್ಯಾಡ #ಗೂಡಿನ_ವಿಳಾಸ_ಹಂಚಬ್ಯಾಡ್ರಿ